ಲ್ಯಾಕ್ಸ್‌ಟನ್: ಬೇಲಿ ಇಲ್ಲದ ಹೊಲಗಳ ಇಂಗ್ಲಿಷ್ ಊರಲ್ಲಿ ಒಂದು ದಿನ

ಮೊದಲೇ ಹೇಳಿಬಿಡ್ತೀನಿ. ಹಳೇ ಕಲ್ಲಿನ ಮನೆ, ಕಿಟಕಿ ತುಂಬ ಹೂಕುಂಡ, ಹಳ್ಳದ ಮೇಲೊಂದು ಕಲ್ಲಿನ ಸೇತುವೆ, ಅದರ ಮೇಲೆ ನಿಂತು ಒಂದು ಫೋಟೋ. ಇಂಗ್ಲೆಂಡಿನ ಹಳ್ಳಿ ಅಂದರೆ ಇಷ್ಟೇ ಬೇಕು ಅನ್ನುವವರು ಲ್ಯಾಕ್ಸ್‌ಟನ್‌ಗೆ ಹೋಗಬೇಡಿ. ಬೈಬರಿ ಇದೆ, ಕಾಸಲ್ ಕೂಂಬ್ ಇದೆ, ಅಲ್ಲಿಗೆ ಹೋಗಿ. ಲ್ಯಾಕ್ಸ್‌ಟನ್‌ನಲ್ಲಿ ಇಟ್ಟಿಗೆ ಮನೆಗಳು, ಟ್ರ್ಯಾಕ್ಟರ್ ಕೆಸರು, ಸಗಣಿ ವಾಸನೆ, ಮತ್ತೆ ಹೊಲ. ಆದರೆ ನಿಮ್ಮ ಮನೆತನದಲ್ಲಿ ಯಾರಾದರೂ ಒಮ್ಮೆ ಬದುವಿನ ಜಗಳ ಮಾಡಿದ್ದರೆ, ಪಹಣಿ ಹಿಡಿದು ತಾಲ್ಲೂಕು ಕಚೇರಿ ಸುತ್ತಿದ್ದರೆ, ಈ ಊರು ನಿಮಗೆ ಹಿಡಿಸುತ್ತದೆ. ನನಗಂತೂ ಈ ದೇಶದಲ್ಲಿ ನೋಡಿದ್ದರಲ್ಲಿ ಲಂಡನ್ನಿಗಿಂತ ಇದೇ ಜಾಸ್ತಿ ಹಿಡಿಸಿತು.

ನಾನು ಹಾವೇರಿ ಕಡೆಯವನು. ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿ ಚೈನು ಎಳೆಯುತ್ತಲೇ ತಲೆ ನೆರೆಸಿಕೊಂಡವನು. ಮಗಳು ಅಳಿಯ ನಾಟಿಂಗ್‌ಹ್ಯಾಮ್‌ನಲ್ಲಿದ್ದಾರೆ. ಶನಿವಾರ ಬಂತೆಂದರೆ ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಅನ್ನುವುದು ಅವರ ಆಸೆ. ಅರಮನೆ ನೋಡಿ ಆಯಿತು, ಮ್ಯೂಸಿಯಂ ನೋಡಿ ಆಯಿತು. "ಅಪ್ಪಾ, ಇಲ್ಲೇ ಹತ್ತಿರ ಒಂದು ಊರಿದೆಯಂತೆ, ಹೊಲಕ್ಕೆ ಬೇಲಿನೇ ಇಲ್ಲವಂತೆ, ನಿಮಗೆ ಇಷ್ಟ ಆಗಬಹುದು" ಅಂದಳು ಮಗಳು. ಬೇಲಿ ಇಲ್ಲದ ಹೊಲ ನಮ್ಮಲ್ಲಿ ಹೊಸದೇನಲ್ಲ. ಆದರೆ ಇಂಗ್ಲೆಂಡಿನಲ್ಲಿ ಅದೊಂದು ದೊಡ್ಡ ಸುದ್ದಿ. ರೈಲಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ, ಎಲ್ಲೆಲ್ಲೂ ಗಿಡದ ಬೇಲಿ. ಚೌಕ ಚೌಕ ಹಸಿರು, ಸುತ್ತ ಮುಳ್ಳುಗಿಡದ ಗೋಡೆ. ಇಂಗ್ಲೆಂಡಿನ ಚಿತ್ರ ಅಂದರೆ ಅದೇ ಅನ್ನುವಷ್ಟು.

ಆ ಬೇಲಿಗಳು ಬಹಳ ಹಳೆಯವು ಅಂತ ನಾನೂ ತಿಳಿದಿದ್ದೆ. ಕೆಲವು ಇರಬಹುದು. ಆದರೆ ದೇಶದ ನಡುಭಾಗದಲ್ಲಿ ತುಂಬಾ ಬೇಲಿಗಳು ಬಂದದ್ದು 18ನೇ ಶತಮಾನದ ಮಧ್ಯದಿಂದ 19ನೇ ಶತಮಾನದ ಆರಂಭದವರೆಗೆ. ಪಾರ್ಲಿಮೆಂಟು ಒಂದೊಂದು ಊರಿಗೆ ಒಂದೊಂದು ಕಾಯ್ದೆ ಮಾಡಿತು. ಅಂಥ ಕಾಯ್ದೆಗಳು ಸಾವಿರಾರು. ಕಮಿಷನರ್‌ಗಳು ಬಂದರು, ಸರ್ವೆಯರ್ ಬಂದ, ಬೇಲಿ ಇಲ್ಲದ ಹೊಲಗಳಲ್ಲಿ ರೈತರಿಗೆ ಅಲ್ಲಲ್ಲಿ ಹಂಚಿಹೋಗಿದ್ದ ಉದ್ದುದ್ದ ಪಟ್ಟಿಗಳನ್ನೆಲ್ಲ ಒಟ್ಟು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕಡೆ ತುಂಡು ಕೊಟ್ಟರು. ಬೇಲಿ ಹಾಕಿಕೊಳ್ಳಿ ಅಂದರು. ದೊಡ್ಡವರಿಗೆ ದೊಡ್ಡ ತುಂಡು ಸಿಕ್ಕಿತು. ಊರ ಹುಲ್ಲುಗಾವಲಲ್ಲಿ ಒಂದು ಹಸು ಮೇಯಿಸಿಕೊಂಡಿದ್ದ ಬಡವರಿಗೆ ಎಷ್ಟೋ ಕಡೆ ಏನೂ ಸಿಗಲಿಲ್ಲ. ಅದಕ್ಕೂ ಮುಂಚೆ ಈ ನಡುನಾಡಿನ ಊರುಗಳಲ್ಲಿ ಹೊಲ ಹೇಗಿತ್ತು ಅಂತ ಕಣ್ಣಾರೆ ನೋಡಬೇಕೆಂದರೆ ಇವತ್ತು ಉಳಿದಿರುವ ಜಾಗ ಬಹಳ ಕಡಿಮೆ. ಡೆವನ್‌ನ ಬ್ರಾಂಟನ್‌ನಲ್ಲಿ ಒಂದಿಷ್ಟು, ಲಿಂಕನ್‌ಶೈರ್‌ನ ಆಕ್ಸ್‌ಹೋಮ್ ಕಡೆ ಒಂದಿಷ್ಟು ಇದೆ. ಆದರೆ ಹೊಲದ ಜೊತೆ ಹೊಲದ ನ್ಯಾಯಸ್ಥಾನವೂ ಉಳಿದು ಇನ್ನೂ ಕೆಲಸ ಮಾಡುತ್ತಿರುವುದು ಲ್ಯಾಕ್ಸ್‌ಟನ್‌ನಲ್ಲಿ.

ಹೋಗುವ ದಾರಿ ಬಗ್ಗೆ ಎರಡು ಮಾತು. ನಾಟಿಂಗ್‌ಹ್ಯಾಮ್‌ನಿಂದ ಕಾರಿನಲ್ಲಿ ಓಲರ್ಟನ್ ಮೇಲೆ ಹೋದರೆ ಒಂದು ಗಂಟೆಯೊಳಗೆ ಮುಟ್ಟಬಹುದು. ರೈಲಾದರೆ ಹತ್ತಿರದ ದೊಡ್ಡ ಊರು ನ್ಯೂವಾರ್ಕ್. ಅಮೆರಿಕದ್ದಲ್ಲ, ಇಲ್ಲಿಯದು. ಅಲ್ಲಿಂದ ಊರಿಗೆ ಟ್ಯಾಕ್ಸಿ ಮಾಡಬೇಕು. ಮಗಳ ಗೆಳತಿಯೊಬ್ಬಳು ಹಾಗೆ ಹೋಗಿ, ವಾಪಸ್ ಬರಲು ಟ್ಯಾಕ್ಸಿಯವನು ಫೋನೇ ಎತ್ತದೆ ಸಂಜೆತನಕ ಕಾದಳಂತೆ. ಹೋಗುವ ಮುಂಚೆಯೇ ಬರುವುದನ್ನೂ ಮಾತಾಡಿಕೊಳ್ಳಿ. ಕಾರಿದ್ದರೆ ಆ ಚಿಂತೆ ಇಲ್ಲ.

ಊರ ನಡುವೆ ಡವ್‌ಕಾಟ್ ಇನ್ ಅಂತ ಒಂದು ಪಬ್ಬು. ಅದರ ಪಕ್ಕದಲ್ಲೇ ಸಂದರ್ಶಕರ ಕೇಂದ್ರ, ಅಂದರೆ ಊರಿನ ಕಥೆ ಹೇಳುವ ಒಂದು ಚಿಕ್ಕ ಪ್ರದರ್ಶನ. ನಾವು ಹೋದಾಗ ದುಡ್ಡು ಕೇಳಲಿಲ್ಲ. ಓದಲು ಫಲಕಗಳಿವೆ, ನಕ್ಷೆಗಳಿವೆ. ಅಳಿಯ ಹತ್ತು ನಿಮಿಷದಲ್ಲಿ ನೋಡಿ ಮುಗಿಸಿ ಹೊರಗೆ ಹೋಗಿ ನಿಂತ. ನಾನು ನಕ್ಷೆ ಮುಂದೆ ನಿಂತವನು ಅಲ್ಲಾಡಲಿಲ್ಲ. "ಮಾವ, ಮಳೆ ಬರುವ ಹಾಗಿದೆ" ಅಂತ ಒಳಗೆ ಬಂದು ಒಮ್ಮೆ ಹೇಳಿದ. ಇಂಗ್ಲೆಂಡಿನಲ್ಲಿ ಯಾವಾಗ ಮಳೆ ಬರುವ ಹಾಗಿರುವುದಿಲ್ಲ?

ಆ ನಕ್ಷೆ 1635ರದ್ದು. ಆಗ ಊರಿನ ಒಡೆತನ ಸರ್ ವಿಲಿಯಂ ಕೋರ್ಟನ್ ಅನ್ನುವ ಲಂಡನ್ನಿನ ದೊಡ್ಡ ವ್ಯಾಪಾರಿಯದು. ಕೊಂಡ ಆಸ್ತಿಯಲ್ಲಿ ಏನೇನಿದೆ ಅಂತ ತಿಳಿಯಬೇಕಲ್ಲ? ಮಾರ್ಕ್ ಪಿಯರ್ಸ್ ಅನ್ನುವ ಸರ್ವೆಯರ್ ಇಡೀ ಊರನ್ನು ಅಳೆದು ನಕ್ಷೆ ಮಾಡಿಕೊಟ್ಟ. ಮೂಲ ಪ್ರತಿ ಈಗ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಇಲ್ಲಿ ನೋಡಲು ಸಿಗುವುದು ನಕಲು. ನಕಲಾದರೂ ಸಾಕು. ಒಂದೊಂದು ಮನೆ, ಒಂದೊಂದು ಹಿತ್ತಲು, ಹೊಲದ ಒಂದೊಂದು ಪಟ್ಟಿ, ಎಲ್ಲ ಬಿಡದೆ ಹಾಕಿದ್ದಾನೆ. ಜೊತೆಗೆ ಪ್ರತಿ ಪಟ್ಟಿ ಯಾರ ಕೈಯಲ್ಲಿದೆ, ಎಷ್ಟು ಅಳತೆ ಅಂತ ಬರೆದ ಒಂದು ಪುಸ್ತಕ ಬೇರೆ. ನಮ್ಮ ಲೆಕ್ಕದಲ್ಲಿ ಗ್ರಾಮ ನಕ್ಷೆ, ಹೊಲಗಳ ಅಳತೆ ಬರೆದಿಡುವ ಆಕಾರ್‌ಬಂದ್ ಎರಡೂ ಒಬ್ಬನೇ ಮಾಡಿ ಮುಗಿಸಿದ ಹಾಗಾಯಿತು.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ನಕ್ಷೆಯ ಹೊಲದೊಳಗೆ ಸಣ್ಣ ಸಣ್ಣ ಮನುಷ್ಯರನ್ನು ಬರೆದಿದ್ದಾನೆ. ನೇಗಿಲು ಹೊಡೆಯುವವನು, ಕೊಯ್ಲು ಮಾಡುವವರು, ನಾಯಿ ಬಿಟ್ಟು ಬೇಟೆ ಆಡುವವರು. ನಮ್ಮ ಇಲಾಖೆಯಲ್ಲಿ ಟಿಪ್ಪಣಿ ಹಾಳೆಯ ಮೇಲೆ ಎತ್ತಿನ ಚಿತ್ರ ಬರೆದಿದ್ದರೆ ಮೇಲಿನವರು ಅವತ್ತೇ ಮೆಮೋ ಕೊಡುತ್ತಿದ್ದರು!

ಸರ್ವೆಯವರಿಗೆ ಇಲ್ಲೊಂದು ನಂಟೂ ಇದೆ. ಎಡ್ಮಂಡ್ ಗುಂಟರ್ ಅನ್ನುವ ಇಂಗ್ಲಿಷ್ ಗಣಿತಜ್ಞ 66 ಅಡಿಯ ಸರಪಳಿ ತಂದದ್ದು 1620ರಲ್ಲಿ. ಪಿಯರ್ಸ್ ಈ ನಕ್ಷೆ ಮುಗಿಸುವಾಗ ಅದು ಬಂದು ಹದಿನೈದು ವರ್ಷವಾಗಿತ್ತು, ಅಷ್ಟೇ. ನಮ್ಮ ಮುಂಬೈ ಕರ್ನಾಟಕದ ಜಿಲ್ಲೆಗಳನ್ನು ಬ್ರಿಟಿಷರು ಅಳೆದದ್ದು ಅದರ ಅರ್ಧ ಉದ್ದದ ಚೈನಿನಿಂದ. 33 ಅಡಿ, ಅದನ್ನು ಆಣೆ ಅನ್ನುವ ಹದಿನಾರು ಭಾಗ ಮಾಡಿರುತ್ತಿದ್ದರು. 33 ಅಡಿ ಉದ್ದ 33 ಅಡಿ ಅಗಲ ಆದರೆ ಒಂದು ಗುಂಟೆ, ಅಂಥ 40 ಗುಂಟೆಗೆ ಒಂದು ಎಕರೆ. ಲೆಕ್ಕ ಎರಡೂ ಕಡೆ ಒಂದೇ ಎಕರೆಗೆ ಬಂದು ಕೂರುತ್ತದೆ. ಇದನ್ನೆಲ್ಲ ಮೊಮ್ಮಗಳಿಗೆ ಹೇಳಲು ಹೋದೆ. ಅವಳಿಗೆ ಐಸ್‌ಕ್ರೀಂ ಎಲ್ಲಿ ಸಿಗುತ್ತದೆ ಅನ್ನುವುದೇ ಮುಖ್ಯವಾಗಿತ್ತು.

ಈಗ ಹೊಲಕ್ಕೆ ಬರೋಣ. ಊರಿಗೆ ಮೂರು ದೊಡ್ಡ ಹೊಲ. ಪಶ್ಚಿಮದ ಹೊಲ, ದಕ್ಷಿಣದ ಹೊಲ, ಗಿರಣಿ ಹೊಲ. ಗಾಳಿಗಿರಣಿ ಈಗಿಲ್ಲ, ಹೆಸರು ಉಳಿದಿದೆ. ಮೂರೂ ಸೇರಿ 500 ಎಕರೆಗೆ ಸ್ವಲ್ಪ ಕಡಿಮೆ. ಒಂದೊಂದು ಹೊಲದೊಳಗೂ ಉದ್ದುದ್ದ ಪಟ್ಟಿಗಳು. ಒಬ್ಬ ರೈತನಿಗೆ ಮೂರೂ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಪಟ್ಟಿ. ಯಾಕೆ ಹೀಗೆ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಎರೆ ಹೊಲದಲ್ಲಿ ಅರ್ಧ, ಮಸಾರಿಯಲ್ಲಿ ಅರ್ಧ, ಹಳ್ಳದ ದಂಡೆಯಲ್ಲೂ ಅರ್ಧ ಅಂತ ಕೇಳುವುದಿಲ್ಲವೇ? ಒಳ್ಳೆ ಮಣ್ಣೂ ಕೆಟ್ಟ ಮಣ್ಣೂ ಎಲ್ಲರಿಗೂ ಬರಬೇಕು.

ಬೆಳೆಯೂ ಊರಿಗೆಲ್ಲ ಒಂದೇ ಲೆಕ್ಕ. ಒಂದು ಹೊಲದಲ್ಲಿ ಚಳಿಗಾಲಕ್ಕೆ ಮುಂಚೆ ಬಿತ್ತುವ ಗೋಧಿ. ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬಾರ್ಲಿಯಂಥ ಬೆಳೆ. ಮೂರನೆಯದಕ್ಕೆ ವಿಶ್ರಾಂತಿ. ಮುಂದಿನ ವರ್ಷ ಸರದಿ ಒಂದು ಹೆಜ್ಜೆ ಮುಂದೆ. ಹಿಂದೆ ಮೂರನೆಯ ಹೊಲವನ್ನು ಬೀಳು ಬಿಟ್ಟು ದನ ಕುರಿ ಮೇಯಿಸುತ್ತಿದ್ದರು. ಈಗ ಅಲ್ಲಿ ಮೇವಿನ ಬೆಳೆ ಬೆಳೆಯುತ್ತಾರೆ. ಒಬ್ಬ ರೈತ "ನನಗೆ ಈ ವರ್ಷ ಗೋಧಿ ಹೊಲದಲ್ಲಿ ಬಾರ್ಲಿ ಬೇಕು" ಅಂದರೆ ನಡೆಯುವುದಿಲ್ಲ. ನಮ್ಮಲ್ಲಿ ಪಕ್ಕದವನು ಗೋವಿನಜೋಳ ಹಾಕಿದ ಅಂತ ಎಲ್ಲರೂ ಅದನ್ನೇ ಹಾಕಿ ರೇಟು ಬೀಳಿಸಿಕೊಳ್ಳುತ್ತೇವೆ. ಅದಕ್ಕೆ ಯಾವ ಕೋರ್ಟೂ ಬೇಕಾಗಿಲ್ಲ.

ನಡೆಯಲು ಹಾದಿಗಳಿವೆ, ಟಿಕೆಟ್ ಇಲ್ಲ. ಹೊಲದ ನಡುವೆ ಅಲ್ಲಲ್ಲಿ ಉಳುಮೆ ಮಾಡದ ಹುಲ್ಲಿನ ಪಟ್ಟಿಗಳು ಸಿಗುತ್ತವೆ. ಅವಕ್ಕೆ ಅಲ್ಲಿ ಸೈಕ್ ಅನ್ನುತ್ತಾರೆ. ನೀರು ಜಿನುಗುವ ಜಾಗ, ಇಳಿಜಾರು, ನೇಗಿಲು ಹಾಕಿದರೆ ಕಷ್ಟ ಅನ್ನುವ ಕಡೆ ಹುಲ್ಲಿಗೇ ಬಿಟ್ಟದ್ದು. ನಮ್ಮ ಕಾಗದದಲ್ಲಿ ಖರಾಬು ಅಂತ ಬರೆಯುತ್ತಿದ್ದೆವು. ಇಲ್ಲಿ ಆ ಖರಾಬಿಗೂ ಬೆಲೆ ಇದೆ. ಅದರ ಹುಲ್ಲನ್ನು ವರ್ಷವರ್ಷ ರೈತರಿಗೆ ಹರಾಜು ಹಾಕುತ್ತಾರೆ. ಶತಮಾನಗಳಿಂದ ನೇಗಿಲು ತಾಗದ ಕಾರಣ ಅಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗದ ಹುಲ್ಲು, ಹೂ ಉಳಿದಿವೆ. ಸರ್ಕಾರ ಅವುಗಳನ್ನು ವಿಶೇಷ ಸಂರಕ್ಷಿತ ಜಾಗ ಅಂತ ಘೋಷಿಸಿದೆ. ನಾವು ಹೋದಾಗ ಮೊಣಕಾಲೆತ್ತರ ಹುಲ್ಲು, ನಡುನಡುವೆ ಹಳದಿ, ನೇರಳೆ ಹೂ. ಮಗಳು ಅಲ್ಲಿ ಬಹಳ ಹೊತ್ತು ಫೋಟೋ ತೆಗೆದಳು. ಅಂದರೆ ಫೋಟೋ ತೆಗೆಯುವವರಿಗೂ ಪೂರ್ತಿ ನಿರಾಸೆ ಇಲ್ಲ ಅಂತ ತಿದ್ದಿಕೊಳ್ಳಿ.

ನಾನು ನೋಡಿದ್ದು ಗೋಧಿ ಹೊಲದ ಅಂಚು. ಇಬ್ಬರ ಪಟ್ಟಿ ಸೇರುವ ಕಡೆ ಬದು ಇಲ್ಲ, ಬಾಂದು ಕಲ್ಲಿಲ್ಲ, ತಂತಿ ಇಲ್ಲ. ಹಾದಿಯ ಪಕ್ಕ ಒಂದು ಮರದ ಗೂಟ, ಅಷ್ಟೇ. ಕೂತು ನೋಡಿದೆ. ಗೂಟದ ತಲೆ ಸುತ್ತಿಗೆ ಏಟಿಗೆ ಜಜ್ಜಿ ಹೂವಾಗಿತ್ತು. ಅಲ್ಲಿಂದ ಕಣ್ಣು ಕಿರಿದು ಮಾಡಿ ಆ ತುದಿಯವರೆಗೆ ನೋಡಿದರೆ ಎರಡು ಬಿತ್ತನೆಗಳ ನಡುವೆ ಒಂದು ಗೇಣಿನ ಸಂದು, ದಾರ ಹಿಡಿದ ಹಾಗೆ ನೇರ. ಒಂದೇ ಒಂದು ಕಡೆ ಕೂರಿಗೆ ಒಂಚೂರು ಈಚೆ ವಾಲಿ ಮತ್ತೆ ಸರಿಯಾಗಿತ್ತು. ಬಿತ್ತುವಾಗ ಡ್ರೈವರಿಗೆ ಫೋನ್ ಬಂದಿರಬೇಕು. ಎಳೆದು ನೋಡಲು ಕೈಯಲ್ಲಿ ಟೇಪು ಇಲ್ಲವಲ್ಲ ಅಂತ ಕೈ ತುರಿಸಿತು. ಮಣ್ಣು ಮಾತ್ರ ಜಿಗುಟು ಕೆಂಜೇಡಿ. ಮಳೆ ಬಿದ್ದ ಮೇಲೆ ಒಂದೊಂದು ಶೂಗೂ ಕೇಜಿಗಟ್ಟಲೆ ಅಂಟುತ್ತದೆ.

ಆ ಗೂಟ ಹೊಡೆದವರು ಯಾರು ಅನ್ನುವುದೇ ಈ ಊರಿನ ನಿಜವಾದ ಆಕರ್ಷಣೆ.

ಲ್ಯಾಕ್ಸ್‌ಟನ್‌ನಲ್ಲಿ ಕೋರ್ಟ್ ಲೀಟ್ ಅನ್ನುವ ಹಳೇ ಕಾಲದ ನ್ಯಾಯಸ್ಥಾನ ಇನ್ನೂ ಕೂಡುತ್ತದೆ. ಹಿಂದೆ ಊರೂರಿಗೂ ಇಂಥದ್ದೊಂದು ಇತ್ತು. 1977ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿ ಇಂಥ ಕೋರ್ಟುಗಳ ಅಧಿಕಾರ ತೆಗೆದುಹಾಕಿತು. ಲ್ಯಾಕ್ಸ್‌ಟನ್ನಿನ ಹೊಲದ ಅಧಿಕಾರವನ್ನು ಮಾತ್ರ ಹಾಗೇ ಉಳಿಸಿತು. ನವೆಂಬರ್ ಕೊನೆ ಹೊತ್ತಿಗೆ, ಗೋಧಿ ಬಿತ್ತಿ ಮೊಳಕೆ ಬಂದ ಮೇಲೆ, ಊರಿನವರದೇ ಒಂದು ಜೂರಿ ಆ ವರ್ಷದ ಗೋಧಿ ಹೊಲಕ್ಕೆ ಇಳಿಯುತ್ತದೆ. ಜೊತೆಗೆ ಗೂಟ, ಸುತ್ತಿಗೆ. ಪಟ್ಟಿ ಪಟ್ಟಿ ನೋಡುತ್ತಾ ಹೋಗುತ್ತಾರೆ. ಯಾರಾದರೂ ಹಾದಿಯನ್ನು ಉತ್ತಿದ್ದಾರೋ, ಸೈಕಿನ ಹುಲ್ಲಿಗೆ ನೇಗಿಲು ಹಾಕಿದ್ದಾರೋ, ಪಕ್ಕದವನ ಕಡೆ ಸರಿದಿದ್ದಾರೋ, ಮೋರಿ ಕಟ್ಟಿದೆಯೋ. ಎಲ್ಲಿ ಇರಬೇಕೋ ಅಲ್ಲಿ ಗೂಟ ಹೊಡೆಯುತ್ತಾರೆ. ಮುಗಿಸಿಕೊಂಡು ಪಬ್ಬಿಗೆ ಬಂದು ಊಟ. ಮೂರು ಹೊಲಕ್ಕೂ ಗೋಧಿ ಸರದಿ ಬರುವುದರಿಂದ ಮೂರು ವರ್ಷಕ್ಕೊಮ್ಮೆ ಇಡೀ ಊರಿನ ಅಳತೆ ತಾನಾಗೇ ಹೊಸದಾಗುತ್ತದೆ.

ಅದಾದ ಮುಂದಿನ ವಾರ ಅದೇ ಡವ್‌ಕಾಟ್ ಇನ್‌ನಲ್ಲಿ ಕೋರ್ಟು. ವಕೀಲರೊಬ್ಬರು ಸ್ಟೀವರ್ಡ್ ಆಗಿ, ಅಂದರೆ ಕೋರ್ಟು ನಡೆಸುವವರಾಗಿ ಕೂರುತ್ತಾರೆ. ಜೂರಿ ಕಂಡದ್ದನ್ನು ಹೇಳುತ್ತದೆ. ತಪ್ಪು ಮಾಡಿದವರಿಗೆ ದಂಡ. ದಂಡದ ಮೊತ್ತ ಬಹಳ ಸಣ್ಣದು. ಆದರೆ ನೆರೆಯವರೆಲ್ಲ ಕೂತಿರುವಾಗ ಹೆಸರು ಓದಿಸಿಕೊಂಡು ದಂಡ ಕಟ್ಟುವುದಿದೆಯಲ್ಲ, ನೋವು ಇರುವುದು ಅದರಲ್ಲಿ.

ನಾವು ಹೋದದ್ದು ಬೇಸಿಗೆ, ಹಾಗಾಗಿ ಜೂರಿ ನೋಡಲು ಸಿಗಲಿಲ್ಲ. ಟ್ರ್ಯಾಕ್ಟರ್ ನಿಲ್ಲಿಸಿ ಮಾತಿಗೆ ನಿಂತ ರೈತರೊಬ್ಬರ ಹತ್ತಿರ ಕೇಳಿದೆ, ಮಗಳು ನಡುವೆ ನಿಂತು ಹೇಳುತ್ತಿದ್ದಳು. ಜಗಳ ಆಗುವುದೇ ಇಲ್ಲವಾ ಅಂದೆ. ಆಗದೆ ಏನು, ಆದರೆ ಜೂರಿಯಲ್ಲಿ ಇವತ್ತು ನಾನು ಇರುತ್ತೇನೆ, ನಾಳೆ ಅವನು ಇರುತ್ತಾನೆ, ಅಂತ ನಕ್ಕರು. ನಾನು ಸರ್ವೆಯರ್ ಆಗಿದ್ದೆ ಅಂದಾಗ ಕೈ ಕುಲುಕಿ, ಇಲ್ಲಿ ನಿಮಗೆ ಕೆಲಸ ಸಿಗಲ್ಲ ಅಂದರು.

ಅವರ ಮಾತು ಕೇಳಿ ನನಗೆ ನೆನಪಾದದ್ದು ನಮ್ಮ ಕಡೆಯ ಒಂದು ಅಳತೆ. ಊರ ಹೆಸರು ಬೇಡ. ಅಣ್ಣತಮ್ಮಂದಿರು, ನಡುವೆ ಒಂದು ಬದು. ಎರಡು ಸಾಲು ಒತ್ತುವರಿ ಅಂತ ತಕರಾರು. ಅರ್ಜಿ, ನೋಟಿಸು, ಅಳತೆ, ಒಪ್ಪಿಗೆ ಇಲ್ಲ, ಮೇಲ್ಮನವಿ, ಮತ್ತೆ ಅಳತೆ. ನಾನು ಹೋದಾಗ ಬಾಂದು ಕಲ್ಲೇ ಇರಲಿಲ್ಲ. ಯಾರು ಕಿತ್ತರು ಅಂದರೆ ಇಬ್ಬರೂ ಗೊತ್ತಿಲ್ಲ ಅಂದರು. ಕಡೆಗೆ ಅದು ಸಿಕ್ಕಿದ್ದು ಅವರಲ್ಲೊಬ್ಬನ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಾಗಿ. ಯಾರ ಹಿತ್ತಲು ಅಂತ ಕೇಳಬೇಡಿ, ಕೇಸು ಇನ್ನೂ ನಡೆಯುತ್ತಿದೆ. ವಕೀಲರಿಗೆ ಇಬ್ಬರೂ ಕೊಟ್ಟ ದುಡ್ಡಲ್ಲಿ ಪಕ್ಕದ ಎರಡು ಎಕರೆ ಬರುತ್ತಿತ್ತು. ಅಲ್ಲಿ ಅಳೆದ ನಾನು ಹೊರಗಿನವನು. ಊರಿನ ಹಿರಿಯರು ಕಟ್ಟೆ ಮೇಲೆ ಕೂತು ನೋಡುತ್ತಿದ್ದರು, ಒಬ್ಬರೂ ಹೊಲಕ್ಕೆ ಬರಲಿಲ್ಲ. ಲ್ಯಾಕ್ಸ್‌ಟನ್‌ನಲ್ಲಿ ಊರಿನವರೇ ಸುತ್ತಿಗೆ ಹಿಡಿದು ಹೊಲಕ್ಕೆ ಹೋಗುತ್ತಾರೆ. ನನಗೆ ಕಂಡ ದೊಡ್ಡ ವ್ಯತ್ಯಾಸ ಇದು.

ಹಾಗಂತ ಊರನ್ನು ರಾಮರಾಜ್ಯ ಅಂದುಕೊಳ್ಳಬೇಡಿ. ಈ ಪಟ್ಟಿಗಳಲ್ಲಿ ದುಡಿಯುವವರು ಗೇಣಿದಾರರು. ಭೂಮಿ ಅವರದ್ದಲ್ಲ. ಬಹಳ ಕಾಲ ಊರಿನ ಒಡೆಯರು ಹತ್ತಿರದ ಥೋರ್ಸ್‌ಬಿ ಎಸ್ಟೇಟಿನ, ಅರ್ಲ್ ಅನ್ನುವ ಶ್ರೀಮಂತ ಬಿರುದಿನ ಮ್ಯಾನ್ವರ್ಸ್ ಮನೆತನದವರು. 1952ರಲ್ಲಿ ಅವರು ಕೃಷಿ ಸಚಿವಾಲಯಕ್ಕೆ ಮಾರಿದರು, ಈ ಪದ್ಧತಿ ಉಳಿಸಬೇಕು ಅನ್ನುವ ಮಾತಿನ ಮೇಲೆ. 1981ರಲ್ಲಿ ಸಚಿವಾಲಯದಿಂದ ಕ್ರೌನ್ ಎಸ್ಟೇಟಿಗೆ, ಅಂದರೆ ರಾಜಪೀಠದ ಹೆಸರಿನ ಆಸ್ತಿ ನೋಡಿಕೊಳ್ಳುವ ಸಂಸ್ಥೆಗೆ ಹೋಯಿತು. 2018ರಲ್ಲಿ ಅವರೂ ಮಾರುತ್ತೇವೆ ಅಂದಾಗ ಊರಲ್ಲಿ ಆತಂಕ. 2020ರಲ್ಲಿ ಕೊಂಡವರು ಮತ್ತೆ ಅದೇ ಥೋರ್ಸ್‌ಬಿಯವರು. ಸುತ್ತಿ ಸುತ್ತಿ ಹಳೇ ಮನೆಗೇ ಬಂತು.

ನಮ್ಮಲ್ಲಿ 1974ರಲ್ಲಿ ದೇವರಾಜ ಅರಸು ಕಾಲದ ತಿದ್ದುಪಡಿ ಬಂದಾಗ ಗೇಣಿದಾರರು 7ನೇ ನಂಬರಿನ ಫಾರಂ ತುಂಬಿ ಹೊಲದ ಒಡೆಯರಾದರು. ಅದು ಒಳ್ಳೆಯದೇ ಆಯಿತು. ಅದೇ ಕಾನೂನು ಇಲ್ಲಿ ಬಂದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದೆ. ಒಬ್ಬೊಬ್ಬರೂ ತಮ್ಮ ಪಟ್ಟಿಗಳನ್ನು ಒಂದೇ ಕಡೆ ಮಾಡಿಕೊಂಡು ಬೇಲಿ ಹಾಕಿ, ಒಂದಿಷ್ಟನ್ನು ಮಾರಿ, ಹತ್ತು ವರ್ಷದಲ್ಲಿ ಈ ಮೂರು ಹೊಲ ಇರುತ್ತಿರಲಿಲ್ಲ. ನೆರೆಯವರ ನ್ಯಾಯ ಉಳಿದಿರುವುದು ಮೇಲೊಬ್ಬ ದೊಡ್ಡ ಧಣಿ ಇರುವುದರಿಂದ. ಸಂದರ್ಶಕರ ಕೇಂದ್ರದ ಗೋಡೆ ಮುಂದೆ ನಿಂತು ಹೊಗಳುವವರು ಇದನ್ನೂ ನೆನಪಿಟ್ಟುಕೊಂಡರೆ ಒಳ್ಳೆಯದು. ಒಬ್ಬನೇ ಧಣಿ ಆಗಲು ತಡವಾದದ್ದೂ ಇಲ್ಲಿ ಕೆಲಸಕ್ಕೆ ಬಂತು. ಬೇರೆ ಊರುಗಳಲ್ಲಿ ಬೇಲಿ ಹಾಕುತ್ತಿದ್ದ ಕಾಲದಲ್ಲಿ ಇಲ್ಲಿ ಇನ್ನೊಬ್ಬ ಅರ್ಲ್‌ಗೂ ಪಾಲಿತ್ತು. ಇಬ್ಬರು ದೊಡ್ಡವರು ಒಮ್ಮತಕ್ಕೆ ಬರುವುದು ಯಾವ ಊರಲ್ಲಾದರೂ ಕಷ್ಟ ಅಲ್ವಾ?

ಊರೊಳಗೆ ಒಂದು ಸುತ್ತು ಹಾಕಿ. ರೈತರ ಮನೆಗಳೆಲ್ಲ ಬೀದಿಯಲ್ಲೇ ಇವೆ, ಹೊಲದ ನಡುವೆ ಒಂಟಿ ಮನೆ ಕಡಿಮೆ. ಹೊಲ ಎಲ್ಲ ಕಡೆ ಹಂಚಿಹೋಗಿರುವಾಗ ಮನೆ ಊರ ನಡುವೆ ಇದ್ದರೇ ಅನುಕೂಲ. ಕೆಂಪು ಇಟ್ಟಿಗೆ, ಕೆಂಪು ಹೆಂಚು. ಎಷ್ಟೋ ಮನೆಗಳು ಬೀದಿಗೆ ಪಕ್ಕೆ ಕೊಟ್ಟು ನಿಂತಿವೆ, ಪಕ್ಕದಲ್ಲಿ ಗಾಡಿ ಹೋಗುವಷ್ಟು ಅಂಗಳ, ಅದರಾಚೆ ಕಣಜ, ಕೊಟ್ಟಿಗೆ. ಹೆಚ್ಚಿನವು 18ನೇ ಶತಮಾನದಿಂದೀಚಿನವು. ಬೀದಿ ಬದಿಯಲ್ಲಿ ದನದ ದೊಡ್ಡಿ ಇದೆ. ಹೌದು, ನಮ್ಮದೇ ದೊಡ್ಡಿ! ಬಿಡಾಡಿ ದನ ಹಿಡಿದು ಕಟ್ಟಿ, ದಂಡ ಕಟ್ಟಿದ ಮೇಲೆ ಬಿಡುವ ಗೋಡೆ ಕಟ್ಟಿದ ಜಾಗ. ಅದನ್ನು ನೋಡಿಕೊಳ್ಳುವವನ ಹುದ್ದೆಗೆ ಕೋರ್ಟ್ ಲೀಟ್ ಈಗಲೂ ನೇಮಕ ಮಾಡುತ್ತದೆ.

ಚರ್ಚು ಸೇಂಟ್ ಮೈಕಲ್‌ನದು. ಒಳಗೆ ಎವರಿಂಗ್‌ಹ್ಯಾಮ್ ಅನ್ನುವ ಹಳೇ ಜಹಗೀರುದಾರ ಮನೆತನದವರ ಸಮಾಧಿಗಳ ಮೇಲೆ ಮಲಗಿದ ಮೂರ್ತಿಗಳು. ಎಲ್ಲ ಕಲ್ಲಿನವು, ಒಂದು ಮಾತ್ರ ಮರದ್ದು, ಹೆಂಗಸಿನದು. ಇಡೀ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಮಧ್ಯಯುಗದ ಮರದ ಮೂರ್ತಿ ಅದೊಂದೇ. ಮುಖ ಸವೆದಿದೆ, ಆದರೂ ಮರದ ಎಳೆ ಕಾಣುತ್ತದೆ. ಆರು ನೂರು ವರ್ಷ ಗೆದ್ದಲು ಹತ್ತದೆ ಇದೆ ಅಂದರೆ ಈ ದೇಶದ ಚಳಿಗೂ ಏನೋ ಪ್ರಯೋಜನ ಇದೆ.

ಊರ ಉತ್ತರಕ್ಕೆ ನಾರ್ಮನ್ನರ ಕಾಲದ ಕೋಟೆಯ ದಿಬ್ಬ. ಷೆರ್ವುಡ್ ಕಾಡಿನ ಮೇಲ್ವಿಚಾರಕರು ಇಲ್ಲಿದ್ದರು. ಗೋಡೆ, ಬುರುಜು ಯಾವುದೂ ಇಲ್ಲ, ಮಣ್ಣಿನ ಗುಡ್ಡ ಮತ್ತು ಕಂದಕ ಮಾತ್ರ. ಚಿತ್ರದುರ್ಗ ನೋಡಿದವರಿಗೆ ಇದು ಕೋಟೆ ಅನ್ನಿಸುವುದಿಲ್ಲ. ನನಗಂತೂ ಮಂಡಿ ನೋವು, ಅರ್ಧಕ್ಕೆ ನಿಂತೆ. ಅಳಿಯ ಮೇಲೆ ಹತ್ತಿ ಬಂದು ನೋಟ ಚೆನ್ನಾಗಿದೆ ಅಂದ.

ಊಟದ ವಿಷಯ. ನಾವು ಮಗಳು ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿ ತಿಂದದ್ದು ಹಾದಿ ಬದಿ ಬೆಂಚಿನ ಮೇಲೆ. ಆಮೇಲೆ ಪಬ್ಬಿನಲ್ಲಿ ಚಹಾ, ಮೊಮ್ಮಗಳಿಗೆ ಚಿಪ್ಸು. ಕೋರ್ಟು ಕೂಡುವ ಜಾಗ ಅಂತ ಸುತ್ತ ಕಣ್ಣಾಡಿಸಿದೆ. ಯಾರೋ ಇಬ್ಬರು ಬಿಯರ್ ಇಟ್ಟುಕೊಂಡು ಹವಾಮಾನ ಮಾತಾಡುತ್ತಿದ್ದರು. ಊರಲ್ಲಿ ಬೇರೆ ಹೋಟೆಲು ಕಣ್ಣಿಗೆ ಬೀಳಲಿಲ್ಲ, ಆದ್ದರಿಂದ ಸಸ್ಯಾಹಾರಿಗಳು ಬುತ್ತಿ ತೆಗೆದುಕೊಂಡು ಹೋಗುವುದೇ ವಾಸಿ. ಪಬ್ಬು ತೆರೆದಿರುವ ದಿನ, ಹೊತ್ತು ಫೋನ್ ಮಾಡಿ ಕೇಳಿಕೊಂಡು ಹೋಗಿ.

ಹತ್ತಿರದಲ್ಲೇ ಯಹೂದಿಗಳ ನರಮೇಧದ ನೆನಪಿಗೆ 1995ರಲ್ಲಿ ಶುರುವಾದ ರಾಷ್ಟ್ರೀಯ ಕೇಂದ್ರವೊಂದಿದೆ. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಅದನ್ನೂ ಇದನ್ನೂ ಒಂದೇ ಮಧ್ಯಾಹ್ನದಲ್ಲಿ ನೋಡುವುದು ಸರಿಯಲ್ಲ ಅಂತ ನನ್ನ ಅನಿಸಿಕೆ.

ಯಾರಿಗೆ ಬೇಡ ಅಂದರೆ, ಗಾಲಿಕುರ್ಚಿಯವರಿಗೆ, ಮಗುವಿನ ತಳ್ಳುಗಾಡಿ ತಳ್ಳುವವರಿಗೆ ಹೊಲದ ಹಾದಿ ಕಷ್ಟ. ಊರ ಬೀದಿ, ಚರ್ಚು, ದೊಡ್ಡಿ ಮಾತ್ರ ನೋಡಬಹುದು. ಸಣ್ಣ ಮಕ್ಕಳಿಗೆ ಇಲ್ಲಿ ಆಟಕ್ಕೆ ಏನೂ ಇಲ್ಲ. ಶೂ ಕೆಟ್ಟರೆ ಪರವಾಗಿಲ್ಲ ಅನ್ನುವಂಥದ್ದು ಹಾಕಿಕೊಳ್ಳಿ, ಇನ್ನೊಂದು ಜೊತೆ ಕಾರಲ್ಲಿರಲಿ. ಬಂದ ಕೂಡಲೇ ನಕ್ಷೆ ನೋಡಿ ಆಮೇಲೆ ಹೊಲಕ್ಕೆ ಇಳಿಯಿರಿ, ಹಿಂದುಮುಂದು ಮಾಡಿದರೆ ಬರೀ ಗೋಧಿ ಕಾಣುತ್ತದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಬಸ್ಸು, ಟ್ಯಾಕ್ಸಿಯ ತಾಪತ್ರಯಕ್ಕೆ, ಊರಿನ ತಪ್ಪಿಗಲ್ಲ. ನವೆಂಬರ್ ಕೊನೆಗೆ ಜೂರಿ ಹೊಲಕ್ಕೆ ಇಳಿಯುವಾಗ ಹೊರಗಿನವರು ದೂರ ನಿಂತು ನೋಡಬಹುದಾ ಅಂತ ವಿಚಾರಿಸಲು ಮಗಳಿಗೆ ಹೇಳಿದ್ದೇನೆ. ಆಗಲಿ ಅಂದರೆ ಆ ಚಳಿಗೆ ಎರಡು ಸ್ವೆಟರ್ ಹಾಕಿಕೊಂಡಾದರೂ ಹೋಗುವವನೇ. ವಾಪಸ್ ಟಿಕೆಟ್ಟಿನ ತಾರೀಖು ಮುಂದೂಡಲು ಅಳಿಯ ಒಪ್ಪಿದ್ದಾನೆ, ಹಾವೇರಿಯಲ್ಲಿರುವ ನಮ್ಮ ಮನೆಯವಳನ್ನು ಒಪ್ಪಿಸುವುದು ಬಾಕಿ.